ಡಬ್ಬಿ ಆಂಟಿಯ ಮಾತು ಎಷ್ಟು ಕೇಳಬೇಕು: ಹೊಸದಾಗಿ ಬಂದವರಿಗೆ

ನಮ್ಮೂರು ಬಿಟ್ಟು ಹೊರದೇಶಕ್ಕೆ ಹೊಸದಾಗಿ ಬಂದವರು ಫೋನ್ ಮಾಡಿದರೆ ಕೇಳುವುದು ಮೂರೇ ವಿಷಯ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್. ಇದಕ್ಕೆಲ್ಲ ಸರ್ಕಾರದ ವೆಬ್‌ಸೈಟ್ ಇದೆ, ಅದು ಹೇಳಿದ ಹಾಗೆ ಮಾಡಿ. ನಮ್ಮ ಲೈಸೆನ್ಸ್ ಎಷ್ಟು ತಿಂಗಳು ನಡೆಯುತ್ತದೆ, ಇನ್ಶೂರೆನ್ಸ್‌ನಲ್ಲಿ ಯಾರ್ಯಾರ ಹೆಸರಿದೆ, ಇವೆರಡನ್ನು ಮೊದಲ ವಾರವೇ ನೋಡಿಕೊಳ್ಳಿ. ಅಷ್ಟು ಸಾಕು. ನಾನು ಹೇಳಹೊರಟಿರುವುದು ಯಾರೂ ಕೇಳದ ವಿಷಯ. ಕಾರಿನ ಜಿಪಿಎಸ್, ಅಂದರೆ ಗಾಜಿಗೆ ಅಂಟಿಸಿಕೊಂಡು ದಾರಿ ಹೇಳುವ ಡಬ್ಬಿ.

‘ಅದರಲ್ಲಿ ಕಲಿಯೋದೇನಿದೆ, ವಿಳಾಸ ಹಾಕಿದರೆ ಆಯ್ತಲ್ವಾ?’ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಲ ಬೇರೆ ಯಾವುದೋ ಊರಿಗೆ ಹೋಗಿ ಇಳಿದೆ. ಇನ್ನೊಂದು ಸಲ ನೀರಿನ ಅಂಚಿಗೆ ಹೋಗಿ ನಿಂತೆ. ಮತ್ತೊಂದು ಸಲ ನಡುರಾತ್ರಿ ನಾನೆಲ್ಲಿದ್ದೇನೆ ಅಂತ ಹೇಳಲು ಬಾರದೆ ಅತ್ತೆ.

ಬೇರೆ ಊರಿನ ಕತೆ ಮೊದಲು. ಬಂದು ಮೂರು ತಿಂಗಳಾಗಿತ್ತು. ಇವರ ಆಫೀಸಿನವರೊಬ್ಬರು ಭಾನುವಾರ ಮನೆಗೆ ಕರೆದಿದ್ದರು. ಡಬ್ಬಿಯಲ್ಲಿ ಊರಿನ ಹೆಸರು ಬರೆದೆ. ಒಂದೇ ಹೆಸರಿನ ಐದಾರು ಊರುಗಳ ಪಟ್ಟಿ ಬಂತು. ಮೊದಲನೆಯದೇ ಇರಬೇಕು ಅಂತ ಒತ್ತಿದೆ. ರಸ್ತೆಯ ಹೆಸರು ಸಿಕ್ಕಿತು, ಮನೆ ನಂಬರೂ ಸಿಕ್ಕಿತು. ಅನುಮಾನ ಬರಲು ಏನೂ ಉಳಿಯಲಿಲ್ಲ. ಎರಡು ಗಂಟೆ ಓಡಿಸಿ ಹೋಗಿ ಬೆಲ್ ಒತ್ತಿದರೆ ಬಾಗಿಲು ತೆಗೆದವರು ಯಾರೋ ವಯಸ್ಸಾದವರು. ಪಾಪ, ಬೈಯಲಿಲ್ಲ. ಕರೆದವರ ಮನೆ ಇದ್ದದ್ದು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ.

ಡಬ್ಬಿ ಸುಳ್ಳು ಹೇಳಿರಲಿಲ್ಲ. ಹೊರಡುವಾಗಲೇ ನೂರಾ ನಲವತ್ತು ಕಿಲೋಮೀಟರ್ ಅಂತ ತೋರಿಸಿತ್ತು. ಆದರೆ ಹೊಸ ದೇಶದಲ್ಲಿ ಯಾವುದು ದೂರ, ಯಾವುದು ಹತ್ತಿರ ಅನ್ನುವ ಅಂದಾಜೇ ನಮಗಿರುವುದಿಲ್ಲ. ಹಾಗಾಗಿ ಊರಿನ ಹೆಸರು ಬೇಡ, ಅಂಚೆ ಕೋಡ್ ಹಾಕಿ. ಅದರಲ್ಲೂ ದೇಶಕ್ಕೊಂದು ಲೆಕ್ಕ. ಬ್ರಿಟನ್ನಿನ ಒಂದು ಪೂರ್ತಿ ಪೋಸ್ಟ್‌ಕೋಡ್ ಸುಮಾರು ಹದಿನೈದು ಮನೆಗಳನ್ನು ಮಾತ್ರ ಹಿಡಿಯುತ್ತದೆ, ಹೆಚ್ಚು ಕಡಿಮೆ ಮನೆ ಬಾಗಿಲಿಗೇ ಬಿಡುತ್ತದೆ. ಅಮೆರಿಕದ ಐದಂಕಿಯ ಜಿಪ್ ಕೋಡ್ ದೊಡ್ಡ ಬಡಾವಣೆಯನ್ನೋ ಇಡೀ ಊರನ್ನೋ ಹಿಡಿಯಬಹುದು, ಅದೊಂದನ್ನೇ ನಂಬಿದರೆ ನನ್ನ ಗತಿಯೇ. ಹೊರಡುವ ಮುಂಚೆ ಇಡೀ ದಾರಿಯನ್ನು ಒಮ್ಮೆ ಸಣ್ಣದು ಮಾಡಿ ನೋಡಿ. ಉತ್ತರಕ್ಕೋ ದಕ್ಷಿಣಕ್ಕೋ, ನದಿ ದಾಟಬೇಕೋ ಬೇಡವೋ. ಅರ್ಧ ನಿಮಿಷದ ಕೆಲಸ.

ನದಿ ಅಂದೆನಲ್ಲ. ಡಬ್ಬಿಯ ಸೆಟ್ಟಿಂಗ್‌ನಲ್ಲಿ ‘ಬೇಗ ತಲುಪುವ ದಾರಿ’, ‘ಕಡಿಮೆ ದೂರದ ದಾರಿ’ ಅಂತ ಎರಡಿರುತ್ತವೆ. ಉಳಿತಾಯದ ಬುದ್ಧಿ ನಮ್ಮ ರಕ್ತದಲ್ಲೇ ಇದೆ, ಕಡಿಮೆ ದೂರದ್ದನ್ನೇ ಆರಿಸಿದೆ. ಅದು ನಮ್ಮನ್ನು ಹೊಲಗಳ ನಡುವಿನ ಒಂದೇ ಕಾರು ಹೋಗುವಷ್ಟು ಅಗಲದ ದಾರಿಗಳಲ್ಲೆಲ್ಲ ಸುತ್ತಿಸಿ ಕೊನೆಗೆ ಒಂದು ಇಳಿಜಾರಿನ ತುದಿಗೆ ತಂದಿತು. ಮುಂದೆ ನೀರು. ಪರದೆಯ ಮೇಲೆ ಗೆರೆ ಮಾತ್ರ ನೀರಿನ ಮೇಲೆ ಹಾಗೇ ಹೋಗುತ್ತಿತ್ತು. ‘ಫೆರಿ ಹತ್ತಿ’ ಅಂದಳು ಡಬ್ಬಿ ಆಂಟಿ. ಅವಳ ಲೆಕ್ಕದಲ್ಲಿ ಫೆರಿಯೂ ರಸ್ತೆಯೇ. ಆವತ್ತಿನ ಕೊನೆಯ ದೋಣಿ ಹೋಗಿಯಾಗಿತ್ತು. ಇವರು ನನ್ನ ಮುಖ ನೋಡಿದರು, ನಾನು ಡಬ್ಬಿಯ ಮುಖ ನೋಡಿದೆ. ಫೆರಿ, ಟೋಲ್, ಮಣ್ಣುದಾರಿ ಬೇಡ ಅನ್ನಲು ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ ಗುರುತುಗಳಿರುತ್ತವೆ. ಮನೆಯಲ್ಲೇ ಕುಳಿತು ಅವನ್ನು ನೋಡಿಕೊಳ್ಳಿ. ಮೈಲಿಯೋ ಕಿಲೋಮೀಟರೋ ಅನ್ನುವುದನ್ನೂ.

‘ಡಬ್ಬಿ ಆಂಟಿ’ ಅನ್ನುವ ಹೆಸರು ನಮ್ಮ ಮಗಳದ್ದು. ಮೂರು ವರ್ಷದವಳಿದ್ದಾಗ ಆ ದನಿಯ ಹೆಂಗಸು ಡಬ್ಬಿಯೊಳಗೇ ಇದ್ದಾಳೆ ಅಂದುಕೊಂಡಿದ್ದಳು. ರಾತ್ರಿ ಅವಳಿಗೆ ಚಳಿಯಾಗುತ್ತದೆ ಅಂತ ಡಬ್ಬಿಗೆ ಕರವಸ್ತ್ರ ಹೊದಿಸುತ್ತಿದ್ದಳು.

ಡಬ್ಬಿಯ ಬದಲು ಫೋನ್ ಸಾಲದೇ ಅಂದರೆ, ಸಾಕು. ಆದರೆ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಜಿಪಿಎಸ್‌ಗೆ ನೆಟ್ ಬೇಡ, ಆಕಾಶ ಬೇಕು. ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕು ಕಾಣಿಸಿದರೆ ನಾವೆಲ್ಲಿದ್ದೇವೆ ಅಂತ ಅದು ಲೆಕ್ಕ ಹಾಕುತ್ತದೆ. ನೆಟ್ ಬೇಕಾಗುವುದು ಮ್ಯಾಪ್ ತರಿಸಲು ಮತ್ತು ಟ್ರಾಫಿಕ್ ತಿಳಿಯಲು. ಇನ್ನೊಂದು ಮಾತು. ಡಬ್ಬಿಯನ್ನು ಒಂದು ದೇಶದಲ್ಲಿ ಆಫ್ ಮಾಡಿ ವಿಮಾನದಲ್ಲಿ ಇನ್ನೊಂದು ದೇಶಕ್ಕೆ ತಂದರೆ ಅದಕ್ಕೂ ದಿಕ್ಕು ತಪ್ಪುತ್ತದೆ, ನಮ್ಮ ಹಾಗೆಯೇ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ನಾನು ವಿಮಾನ ನಿಲ್ದಾಣದ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲೇ ನಿಂತು ಡಬ್ಬಿಗೆ ಬಡಿಯುತ್ತಿದ್ದೆ. ಬಯಲಿಗೆ ತಂದು ಸುಮ್ನೆ ಬಿಡಿ, ತಾನೇ ಸುಧಾರಿಸಿಕೊಳ್ಳುತ್ತದೆ.

ನಮ್ಮವರು ಜಾಸ್ತಿ ಸಿಕ್ಕಿಬೀಳುವುದು ತಿರುವು ತಪ್ಪಿದಾಗ. ‘ಅಯ್ಯೋ’ ಅಂತ ಕೊನೇ ಕ್ಷಣದಲ್ಲಿ ಮೂರು ಲೇನ್ ಅಡ್ಡ ಎಳೆಯುತ್ತೇವೆ. ನಾನೂ ಎಳೆದಿದ್ದೇನೆ. ಹಿಂದಿನ ಲಾರಿಯ ಹಾರ್ನ್ ಇನ್ನೂ ಕಿವಿಯಲ್ಲಿದೆ. ಇಲ್ಲಿ ಯಾರೂ ಸುಮ್ಮನೆ ಹಾರ್ನ್ ಹೊಡೆಯುವುದಿಲ್ಲ, ಹೊಡೆದರು ಅಂದರೆ ಅದು ಬೈಗುಳ. ಬ್ರಿಟನ್ನಿನಲ್ಲಿ 2017ರ ಡಿಸೆಂಬರ್‌ನಿಂದ ಡ್ರೈವಿಂಗ್ ಪರೀಕ್ಷೆಯಲ್ಲೇ ಜಿಪಿಎಸ್ ನೋಡಿಕೊಂಡು ಓಡಿಸುವ ಭಾಗ ಸೇರಿದೆ. ಅಲ್ಲಿ ದಾರಿ ತಪ್ಪಿದರೆ ಅದೊಂದಕ್ಕೇ ಫೇಲ್ ಮಾಡುವುದಿಲ್ಲ. ದಾರಿ ತಪ್ಪಿದ ಗಾಬರಿಯಲ್ಲಿ ತಪ್ಪು ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ! ತಿರುವು ಹೋದರೆ ಹೋಗಲಿ. ನೇರ ಹೋಗಿ, ಆಂಟಿ ಇನ್ನೊಂದು ದಾರಿ ಹುಡುಕುತ್ತಾಳೆ. ಅವಳಿಗೆ ಮುನಿಸಿಲ್ಲ.

ಕೆಲವು ಸಣ್ಣ ವಿಷಯ. ತಲುಪುವ ಸಮಯವನ್ನು ಸೋಲಿಸಲು ಹೋಗಬೇಡಿ. ನಾನು ಆರು ನಿಮಿಷ ಉಳಿಸಿದೆ, ಹದಿನೈದು ದಿನದ ಮೇಲೆ ಅಂಚೆಯಲ್ಲಿ ದಂಡದ ಕಾಗದ ಬಂತು. ಪರದೆಯಲ್ಲಿ ಕಾಣುವ ವೇಗದ ಮಿತಿ ಹಳೆಯದಿರಬಹುದು, ರಸ್ತೆ ಬದಿಯ ಫಲಕ ಹೇಳುವುದೇ ಕಾನೂನು. ವೇಗ ಹಿಡಿಯುವ ಕ್ಯಾಮೆರಾ ಇದೆ ಅಂತ ಎಚ್ಚರಿಸುವ ಸೌಲಭ್ಯವನ್ನು ಗಡಿ ದಾಟುವ ಮುಂಚೆ ಆಫ್ ಮಾಡಿ. ಫ್ರಾನ್ಸಿನಲ್ಲಿ 2012ರಿಂದ ಅದಕ್ಕೆ ನಿಷೇಧವಿದೆ, ಜರ್ಮನಿಯಲ್ಲಿ ಓಡಿಸುವವರು ಬಳಸುವಂತಿಲ್ಲ, ಸ್ವಿಟ್ಜರ್ಲೆಂಡಿನಲ್ಲಿ ಕಾರಿನಲ್ಲಿ ಇಟ್ಟುಕೊಂಡಿದ್ದರೂ ತಪ್ಪು. ಇಟಲಿಯ ಹಳೆಯ ಊರುಗಳ ಮಧ್ಯಭಾಗದಲ್ಲಿ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ ‘ಝಡ್‌ಟಿಎಲ್’ ವಲಯಗಳಿವೆ. ಆಂಟಿ ಅದರೊಳಗೂ ನಿಶ್ಚಿಂತೆಯಿಂದ ನುಗ್ಗಿಸಬಹುದು. ದಂಡ ಕಟ್ಟುವವರು ನೀವು, ಅವಳಲ್ಲ. ಡಬ್ಬಿಯನ್ನು ಗಾಜಿನ ನಟ್ಟನಡುವೆ ಅಂಟಿಸಬೇಡಿ. ಎಲ್ಲಿ ಅಂಟಿಸಬಹುದು ಅನ್ನುವುದಕ್ಕೂ ಕೆಲವು ಕಡೆ ನಿಯಮಗಳಿವೆ. ಇಳಿಯುವಾಗ ತೆಗೆದುಕೊಂಡು ಹೋಗಿ, ಗಾಜಿನ ಮೇಲೆ ಉಳಿದ ದುಂಡನೆಯ ಗುರುತನ್ನೂ ಒರೆಸಿ. ಕಳ್ಳರು ಹುಡುಕುವುದೇ ಆ ಗುರುತನ್ನು. ‘ಮನೆ’ ಅನ್ನುವ ಜಾಗಕ್ಕೆ ನಿಮ್ಮ ನಿಜವಾದ ವಿಳಾಸ ಹಾಕಬೇಡಿ, ಹತ್ತಿರದ ಪೆಟ್ರೋಲ್ ಬಂಕಿನದ್ದು ಹಾಕಿ. ಬಾಡಿಗೆ ಕಾರು ವಾಪಸ್ ಕೊಡುವಾಗ ಹೋದ ಜಾಗಗಳ ಪಟ್ಟಿ ಅಳಿಸಿ.

ಈಗ ಆ ರಾತ್ರಿಯ ಮಾತು. ಇದನ್ನು ಹೇಳಲೆಂದೇ ಬರೆಯಲು ಕೂತದ್ದು.

ಬಂದು ಏಳು ವರ್ಷವಾಗಿತ್ತು. ಇವರು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ನಾನು ಮಗಳನ್ನು ಹಿಂದೆ ಮಲಗಿಸಿಕೊಂಡು ಗೆಳತಿಯ ಮನೆಯಿಂದ ವಾಪಸ್ ಬರುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಹೋಗಿ ಬರುವ ದಾರಿಯೇ ಅದು. ಹೆದ್ದಾರಿಯಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತುಹೋಯಿತು. ಬದಿಗೆ ತಂದೆ. ಸಹಾಯದ ನಂಬರಿಗೆ ಫೋನ್ ಮಾಡಿದೆ.

‘ಎಲ್ಲಿದ್ದೀರಿ?’ ಅಂದ ಆತ.

‘ಹೆದ್ದಾರಿಯಲ್ಲಿ’ ಅಂದೆ.

ಯಾವ ಹೆದ್ದಾರಿ? ಯಾವ ದಿಕ್ಕು? ಕೊನೆಗೆ ದಾಟಿದ ಊರು ಯಾವುದು? ಒಂದಕ್ಕೂ ಉತ್ತರವಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಪರದೆಯ ಮೇಲೊಂದು ನೇರಳೆ ಗೆರೆ, ಇನ್ನು 38 ನಿಮಿಷ. ಏಳು ವರ್ಷ ಆ ರಸ್ತೆಯಲ್ಲಿ ಓಡಾಡಿದವಳಿಗೆ ಅದರ ನಂಬರ್ ಗೊತ್ತಿರಲಿಲ್ಲ. ಆತ ತಾಳ್ಮೆಯವನು, ‘ನಿಮ್ಮ ಜಿಪಿಎಸ್‌ನಲ್ಲಿ ಕಾರಿನ ಚಿತ್ರದ ಮೇಲೆ ಒತ್ತಿ ನೋಡಿ’ ಅಂದ. ಒತ್ತಿದೆ. ‘ನಾನೆಲ್ಲಿದ್ದೇನೆ’ ಅನ್ನುವ ಪುಟ ತೆರೆದುಕೊಂಡಿತು. ರಸ್ತೆಯ ನಂಬರ್, ಹತ್ತಿರದ ಕ್ರಾಸ್, ಅಕ್ಷಾಂಶ, ರೇಖಾಂಶ, ಎಲ್ಲ ಇತ್ತು. ಓದಿ ಹೇಳುವಾಗ ದನಿ ನಡುಗಿ ಅಳು ಬಂತು. ಕಾರು ಕೆಟ್ಟಿದ್ದಕ್ಕಲ್ಲ.

ಹಲವು ಡಬ್ಬಿಗಳಲ್ಲಿ ಈ ಪುಟ ಇರುತ್ತದೆ, ಫೋನಿನ ಮ್ಯಾಪ್‌ನಲ್ಲೂ ನೀಲಿ ಚುಕ್ಕೆ ಒತ್ತಿದರೆ ಸಿಗುತ್ತದೆ. ಇವತ್ತೇ ಹುಡುಕಿಟ್ಟುಕೊಳ್ಳಿ. ಅಂಕಿಗಳನ್ನು ಪೂರ್ತಿ ಓದಿ. ಅಕ್ಷಾಂಶದಲ್ಲಿ ಚುಕ್ಕೆಯ ನಂತರದ ನಾಲ್ಕನೇ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ಸುಮಾರು 11 ಮೀಟರ್ ವ್ಯತ್ಯಾಸ, ಎರಡನೇ ಅಂಕಿ ತಪ್ಪಿದರೆ ಒಂದು ಕಿಲೋಮೀಟರಿಗೂ ಜಾಸ್ತಿ.

ಆಮೇಲೆ ತುಂಬಾ ದಿನ ಯೋಚಿಸಿದೆ. ನಮ್ಮಲ್ಲಿ ದಾರಿ ಅಂದರೆ ಜನ. ಗಾಜು ಇಳಿಸಿ ಕೇಳಿದರೆ ಒಬ್ಬರು ಎಡಕ್ಕೆ ಅನ್ನುತ್ತಾರೆ, ಪಕ್ಕದವರು ಅಲ್ಲ ಬಲಕ್ಕೆ ಅನ್ನುತ್ತಾರೆ, ಮೂರನೆಯವರು ಯಾರ ಮನೆಗೆ ಅಂತ ಕೇಳುತ್ತಾರೆ. ಇಲ್ಲಿಗೆ ಬಂದ ಮೇಲೆ ನನಗೆ ಕೇಳಲು ನಾಚಿಕೆ. ನನ್ನ ಉಚ್ಚಾರಣೆ ಅವರಿಗೆ ಅರ್ಥವಾಗದಿದ್ದರೆ? ‘ಏನಂದ್ರಿ?’ ಅಂತ ಎರಡನೇ ಸಲ ಕೇಳಿಬಿಟ್ಟರೆ? ಡಬ್ಬಿ ಇದ್ದುದರಿಂದ ಯಾರನ್ನೂ ಕೇಳುವ ಪ್ರಸಂಗವೇ ಬರಲಿಲ್ಲ. ದೊಡ್ಡ ಉಪಕಾರ ಅಂದುಕೊಂಡಿದ್ದೆ. ಏಳು ವರ್ಷದಲ್ಲಿ ಆ ದಾರಿಯ ಒಬ್ಬ ಮನುಷ್ಯನ ಜೊತೆಯೂ ನಾನು ಮಾತಾಡಿರಲಿಲ್ಲ.

ಇವರಿಗೂ ನನಗೂ ಮೊದಲೆಲ್ಲ ದಾರಿಯ ವಿಷಯಕ್ಕೆ ಜಗಳವಾಗುತ್ತಿತ್ತು. ಕಾಗದದ ಮ್ಯಾಪನ್ನು ನಾನು ತಲೆಕೆಳಗಾಗಿ ಹಿಡಿದಿದ್ದೇನೆ ಅಂತ ಅವರು, ಹೇಳಿದಾಗ ತಿರುಗಿಸಲಿಲ್ಲ ಅಂತ ನಾನು. ಡಬ್ಬಿ ಬಂದ ಮೇಲೆ ಜಗಳ ನಿಂತಿತು. ಕಾರಿನಲ್ಲಿ ಮಾತೂ ಕಡಿಮೆಯಾಯಿತು. ಆಂಟಿ ಮಾತಾಡುವಾಗ ಸುಮ್ಮನಿರಬೇಕಲ್ಲ.

ಮಗಳ ಸ್ಕೂಲಿನಲ್ಲಿ ‘ನಮ್ಮ ಮನೆಯ ದಾರಿ’ ಅಂತ ಚಿತ್ರ ಬರೆಯಲು ಹೇಳಿದ್ದರು. ಬೇರೆ ಮಕ್ಕಳು ಮರ, ನಾಯಿ, ಸೇತುವೆ, ಅಜ್ಜಿಯ ಮನೆ ಬರೆದಿದ್ದರು. ನಮ್ಮವಳು ನೇರಳೆ ಬಣ್ಣದ ಒಂದು ಗೆರೆ ಎಳೆದು, ಅದರ ತುದಿಯಲ್ಲಿ ಬಾಣ ಹಾಕಿ, ಮೂಲೆಯಲ್ಲಿ ‘12 ನಿಮಿಷ’ ಅಂತ ಬರೆದು ತಂದಳು. ಟೀಚರ್ ನಕ್ಕರಂತೆ. ನನಗೆ ನಗು ಬರಲಿಲ್ಲ.

ಅದಕ್ಕೇ ಈಗ ನಮ್ಮ ಮನೆಯಲ್ಲಿ ಭಾನುವಾರ ಡಬ್ಬಿಗೆ ರಜೆ. ಡಬ್ಬಿ ಬೇಡ ಅಂತ ನಿಮಗೆ ಹೇಳುತ್ತಿಲ್ಲ. ಹೊಸ ಜಾಗಕ್ಕೆ, ರಾತ್ರಿಗೆ, ಮಳೆಗೆ ಅದು ಬೇಕೇ ಬೇಕು. ಆದರೆ ದಿನಾ ಹೋಗುವ ದಾರಿಯಲ್ಲಿ ದನಿ ಆಫ್ ಮಾಡಿ. ವಾರಕ್ಕೊಮ್ಮೆ ಪರದೆಯನ್ನೂ ಆಫ್ ಮಾಡಿ. ತಪ್ಪಿದರೆ ಗಾಜು ಇಳಿಸಿ ಕೇಳಿ. ಎರಡನೇ ಸಲ ‘ಏನಂದ್ರಿ?’ ಅಂದರೆ ಇನ್ನೊಮ್ಮೆ ಹೇಳಿ. ನನಗೆ ಹೀಗೆ ದಾರಿ ಕೇಳಿಯೇ ಇಬ್ಬರು ಪರಿಚಯವಾಗಿದ್ದಾರೆ, ಒಬ್ಬರಂತೂ ಈಗ ಕಂಡಾಗಲೆಲ್ಲ ಕೈ ಬೀಸುತ್ತಾರೆ.

ಭಾನುವಾರ ದಾರಿ ಹೇಳುವವಳು ಮಗಳು. ರಸ್ತೆಗಳ ಹೆಸರು ಅವಳಿಗೂ ನೆನಪಿರುವುದಿಲ್ಲ, ಹಾಗಾಗಿ ತಾನೇ ಹೆಸರಿಟ್ಟಿದ್ದಾಳೆ, ಅದೂ ಕನ್ನಡದಲ್ಲಿ. ‘ಬಾಗಿದ ಮರದ ಹತ್ತಿರ ಎಡಕ್ಕೆ.’ ‘ಕುಂಟ ನಾಯಿ ಮನೆ ಆದಮೇಲೆ ನೇರ.’ ‘ಅಪ್ಪ ಫೈನ್ ಕಟ್ಟಿದ ಸಿಗ್ನಲ್.’ ಈ ಹೆಸರುಗಳು ಯಾವ ಮ್ಯಾಪ್‌ನಲ್ಲೂ ಇಲ್ಲ, ಆದರೆ ನಾವು ಮೂವರೂ ಈಗ ಅವನ್ನೇ ಬಳಸುತ್ತೇವೆ.

ಹೋದ ತಿಂಗಳು ಹೆದ್ದಾರಿಯಲ್ಲಿ ಬರುತ್ತಿದ್ದೆವು. ಒಂದು ತಿರುವು ದಾಟುವಾಗ ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ, ‘ಇದು ಅಮ್ಮ ಅತ್ತ ಜಾಗ’ ಅಂದಳು. ಆ ರಾತ್ರಿ ಅವಳು ಹಿಂದೆ ನಿದ್ದೆ ಮಾಡುತ್ತಿದ್ದಳು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.