ಕಬ್ಬಿನ ಹಾಲು ಕುದಿಯಲಿ, ಸಾಂದ್ರತೆ ಅಳೆಯೋಣ

ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ತೂಕ ಗಳಿಗೆಗಳಿಗೆಗೂ ಇಳಿಯುತ್ತದೆ, ಸಾಂದ್ರತೆ, ಅಂದರೆ ಒಂದೊಂದು ಮಿ.ಲೀ. ಜಾಗದಲ್ಲಿ ಇರುವ ತೂಕ, ಏರುತ್ತದೆ. ತೂಕವೇ ಸಾಂದ್ರತೆ ಎಂದುಕೊಂಡ ಮಕ್ಕಳನ್ನು ಮಂಡ್ಯ ಕಡೆಯ ಆಲೆಮನೆಗೊಮ್ಮೆ ಕರೆದೊಯ್ಯಬೇಕು. ಆಗದಿದ್ದರೆ ಅಡುಗೆಮನೆಯೂ ಆದೀತು.

ಗ್ರಾಂ ತೋರಿಸುವ ತಕ್ಕಡಿ, ಮಿ.ಲೀ. ಗೆರೆಯಿರುವ ಲೋಟ, ಒಂದಿಷ್ಟು ಸಕ್ಕರೆ ಇಟ್ಟುಕೊಳ್ಳಿ. ಖಾಲಿ ಲೋಟವನ್ನು ತಕ್ಕಡಿಗಿಟ್ಟು ಸೊನ್ನೆಗೆ ತನ್ನಿ. 200 ಮಿ.ಲೀ. ನೀರು ಹಾಕಿದರೆ ಸುಮಾರು 200 ಗ್ರಾಂ ತೂಗುತ್ತದೆ. ಗ್ರಾಂಗಳನ್ನು ಮಿ.ಲೀ.ಗಳಿಂದ ಭಾಗಿಸಿ. ಬರುವ 1 ನೀರಿನ ಸಾಂದ್ರತೆ.

ಈಗ 50 ಗ್ರಾಂ ಸಕ್ಕರೆ ಪೂರ್ತಿ ಕರಗಿಸಿ. ತೂಕ 250 ಗ್ರಾಂ ಆಗುತ್ತದೆ, ಆದರೆ ಮಟ್ಟ ನಿಲ್ಲುವುದು 231 ಮಿ.ಲೀ. ಆಸುಪಾಸಿನಲ್ಲಿ. ಸಕ್ಕರೆ ತನ್ನ ತೂಕಕ್ಕೆ ತಕ್ಕಷ್ಟು ಜಾಗ ಕೇಳುವುದಿಲ್ಲ. ಭಾಗಿಸಿದರೆ 1.08. ಒಳ್ಳೆಯ ಕಬ್ಬಿನ ಹಾಲಿನದೂ ಹೆಚ್ಚುಕಮ್ಮಿ ಇಷ್ಟೇ.

ಮುಂದಿನದು ಒಲೆಯ ಕೆಲಸ, ದೊಡ್ಡವರು ಮಾಡಲಿ. ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಸುಮಾರು 100 ಮಿ.ಲೀ. ಉಳಿಯುವ ತನಕ ಕಾಯಿಸಿ, ತಣಿಸಿ ತೂಗಿ. 119 ಗ್ರಾಂ ಹತ್ತಿರ ಬರಬೇಕು. ತೂಕ ಅರ್ಧಕ್ಕಿಂತ ಕಡಿಮೆಯಾಯಿತು, ಸಾಂದ್ರತೆ 1.19ಕ್ಕೆ ಹೋಯಿತು! ಹಗುರವಾದ ನೀರು ಆವಿಯಾಗಿ, ಸಕ್ಕರೆಯ ಪಾಲು ಹೆಚ್ಚಿದ್ದೇ ಇದಕ್ಕೆ ಕಾರಣ. ಬೆಲ್ಲದ ಹದ ಬರುವಾಗ ಪಾಕದ ಬಿಸಿ 118 ಡಿಗ್ರಿ ಸೆಲ್ಸಿಯಸ್ ಸುಮಾರಿಗಿರುತ್ತದೆ. ಅಷ್ಟು ಹೊತ್ತಿಗೆ ನೀರು ಬಹುಪಾಲು ಹೋಗಿರುತ್ತದೆ.

ಮಂದವಾಗಿದ್ದದ್ದೆಲ್ಲ ಹೆಚ್ಚು ಸಾಂದ್ರ ಎಂದು ಮಾತ್ರ ತಿಳಿಯಬೇಡಿ. ಕೊಬ್ಬರಿ ಎಣ್ಣೆ ನೀರಿಗಿಂತ ಮಂದ, ಆದರೂ ನೀರಿನ ಮೇಲೆ ತೇಲುತ್ತದೆ.

ಒತ್ತಿದರೂ ಸಾಂದ್ರತೆ ಏರುತ್ತದೆ. ಸೈಕಲ್ ಪಂಪಿನೊಳಗಿನ ಗಾಳಿಗೆ ಆಗುವುದು ಇದೇ; ನೀರು ಅಷ್ಟು ಸುಲಭಕ್ಕೆ ಬಗ್ಗದು. ತಣಿಸಿದರೂ ಸಾಮಾನ್ಯವಾಗಿ ಏರುತ್ತದೆ. ನೀರಿನದು ಇಲ್ಲೂ ಬೇರೆಯೇ ದಾರಿ: 4 ಡಿಗ್ರಿಯಲ್ಲಿ ಅತಿ ಸಾಂದ್ರ, ಅದಕ್ಕಿಂತ ತಣ್ಣಗಾದರೆ ಮತ್ತೆ ಹಿಗ್ಗುತ್ತದೆ. ಮಂಜುಗಡ್ಡೆಯ ಸಾಂದ್ರತೆ 0.92 ಅಷ್ಟೇ.

ಇದೇ ಲೆಕ್ಕ ಊರಿನ ಡೈರಿಯಲ್ಲೂ ನಡೆಯುತ್ತದೆ. ಹಸುವಿನ ಹಾಲಿನ ಸಾಂದ್ರತೆ ಸಾಮಾನ್ಯವಾಗಿ 1.028ರಿಂದ 1.032. ನೀರು ಬೆರೆಸಿದರೆ ಇಳಿಯುತ್ತದೆ, ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಗೆರೆಗಳ ಕೊಳವೆ, ಲ್ಯಾಕ್ಟೋಮೀಟರ್, ಆಳಕ್ಕೆ ಮುಳುಗುತ್ತದೆ. ಹಗುರವಾದ ಕೆನೆ ತೆಗೆದರೆ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸುವ ಜಾಣನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಸರಿಯಾದ ಗೆರೆಗೇ ನಿಲ್ಲಬಹುದು. ಹಾಗಾಗಿ ಡೈರಿಯವರು ಫ್ಯಾಟ್ ಕೂಡ ನೋಡಿಯೇ ದರ ಬರೆಯುತ್ತಾರೆ.