ಸಾಮಾಯಿಕಕ್ಕೆ ಕೂರುವ ಕ್ರಮ: ಬೇಡಿಕೆ ಎಲ್ಲಿ ನುಸುಳುತ್ತದೆ, ಲೆಕ್ಕ ಹೇಗೆ ನೋಡಬೇಕು

ಸಾಮಾಯಿಕ ಎಂದರೆ ಗೊತ್ತುಮಾಡಿಕೊಂಡಷ್ಟು ಹೊತ್ತು ಪಾಪದ ಕೆಲಸಗಳನ್ನು ಬಿಟ್ಟು ಸಮಭಾವದಲ್ಲಿ ಕೂರುವ ಜೈನ ವ್ರತ. ಅದರ ಕನಿಷ್ಠ ಅವಧಿ ಎರಡು ಗಳಿಗೆ. ಗಳಿಗೆಗೆ 24 ನಿಮಿಷದಂತೆ 48 ನಿಮಿಷ. ಮಧ್ಯಮಕ್ಕೆ ನಾಲ್ಕು, ಉತ್ತಮಕ್ಕೆ ಆರು ಗಳಿಗೆ. ಮೂರು ಸಂಧ್ಯೆಯಲ್ಲೂ ಮಾಡಬೇಕೆಂದು ಶಾಸ್ತ್ರ ಹೇಳಿದರೂ, ಕೆಲಸಕ್ಕೆ ಹೋಗುವ ಶ್ರಾವಕ ಶ್ರಾವಿಕೆಯರಿಗೆ, ಅಂದರೆ ಗೃಹಸ್ಥ ಜೈನರಿಗೆ, ಬೆಳಗಿನದೊಂದು ತಪ್ಪದೆ ನಡೆದರೆ ಅದೇ ದೊಡ್ಡದು. ಇಲ್ಲಿ ಹೇಳಿರುವುದು ದಿಗಂಬರ ಪದ್ಧತಿ. ಗುರುಪರಂಪರೆಗೆ ತಕ್ಕಂತೆ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಕ್ರಮ ಕಲಿಯುವುದು ಎರಡು ದಿನದ ಕೆಲಸ. ಕೂತ ಐದೇ ನಿಮಿಷಕ್ಕೆ ಅದು ಪ್ರಾರ್ಥನೆಯಾಗಿ, ಪ್ರಾರ್ಥನೆ ಅರ್ಜಿಯಾಗಿ ತಿರುಗುತ್ತದಲ್ಲ, ಅದನ್ನು ತಡೆಯುವುದೇ ಕಷ್ಟ.

ಕೂರುವ ಮೊದಲು

ಬಸದಿಯೇ ಆಗಬೇಕೆಂದಿಲ್ಲ, ಗದ್ದಲವಿಲ್ಲದ ಮನೆಯ ಮೂಲೆ ಸಾಕು. ಚಾಪೆ ಹಾಸುವ ಮುನ್ನ ನೆಲ ನೋಡಿ; ಇರುವೆ ಸಾಲಿದ್ದರೆ ಗುಡಿಸಲು ಹೋಗಬೇಡಿ, ಜಾಗ ಬದಲಿಸಿ. ಗಡಿಯಾರ ಇಲ್ಲದ ಕಾಲದಲ್ಲಿ ಕೂದಲಿಗೋ ಬಟ್ಟೆಗೋ ಗಂಟು ಹಾಕಿ, ಬಿಚ್ಚುವ ತನಕ ಸಾಮಾಯಿಕ ಎಂದು ಗಡಿ ಗೊತ್ತುಮಾಡಿಕೊಳ್ಳುತ್ತಿದ್ದರು. ಈಗ ಟೈಮರ್ ಇದೆ. ಫೋನನ್ನು ಪಕ್ಕದ ಕೋಣೆಯಲ್ಲಿಡಿ, ಕೊನೆಯ ಗಂಟೆ ಕೇಳಿಸಿದರೆ ಸಾಕು.

ಸಂಕಲ್ಪ ಚಿಕ್ಕದು: ಇಷ್ಟು ಹೊತ್ತು ಹಿಂಸೆ ತಗಲುವ ಯಾವ ಕೆಲಸವನ್ನೂ ಮನಸ್ಸು, ಮಾತು, ಮೈಯಿಂದ ಮಾಡುವುದಿಲ್ಲ, ಮಾಡಿಸುವುದಿಲ್ಲ, ಮಾಡಿದವರನ್ನು ಮೆಚ್ಚುವುದೂ ಇಲ್ಲ. ‘ಮಾಡಿಸುವುದಿಲ್ಲ’ ಎನ್ನುವಲ್ಲೇ ಹೆಚ್ಚಿನವರು ಎಡವುವುದು. ಕುಕ್ಕರ್ ಒಲೆಯ ಮೇಲಿಟ್ಟು, ಮೂರು ವಿಷಲ್ ಆದ ಮೇಲೆ ಆರಿಸಮ್ಮಾ ಎಂದು ಮಗಳಿಗೆ ಹೇಳಿ ಬಂದು ಕೂತರೆ ಒಲೆ ನಿಮ್ಮದೇ ಲೆಕ್ಕಕ್ಕೆ. ಕಿವಿಯೂ ಅಡುಗೆಮನೆಯಲ್ಲೇ ಇರುತ್ತದೆ. ಗ್ಯಾಸ್ ಆರಿಸಿ ಕೂರಿ. ಆ ಹೊತ್ತಿನಲ್ಲಿ ಗೃಹಸ್ಥ ಯಾರೋ ಮೈಮೇಲೆ ಬಟ್ಟೆ ಎಸೆದು ಹೋದ ಮುನಿಯಂತೆ ಇರುತ್ತಾನೆ ಎಂದಿದ್ದಾರೆ ಪ್ರಾಚೀನ ದಿಗಂಬರ ಆಚಾರ್ಯ ಸಮಂತಭದ್ರರು.

48 ನಿಮಿಷದ ಹಂಚಿಕೆ

ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ನಿಂತು ಒಂಬತ್ತು ಬಾರಿ ಣಮೋಕಾರ, ಅಂದರೆ ಐವರು ಪರಮೇಷ್ಠಿಗಳಿಗೆ ನಮಿಸುವ ಮಂತ್ರ, ಹೇಳಿ. ಆಮೇಲೆ ಮುಗಿದ ಕೈಗಳನ್ನು ಬಲಕ್ಕೆ ಸುತ್ತಿಸುತ್ತ ಮೂರು ಆವರ್ತ, ತಲೆಬಾಗಿ ಒಂದು ಶಿರೋನತಿ. ಬಲಕ್ಕೆ ತಿರುಗುತ್ತ ನಾಲ್ಕು ದಿಕ್ಕಿಗೂ ಹೀಗೇ ಮಾಡಿದರೆ 12 ಆವರ್ತ, 4 ಶಿರೋನತಿ. ಇದಕ್ಕೆಲ್ಲ ನಾಲ್ಕು ನಿಮಿಷ. ನಂತರ ಪದ್ಮಾಸನ ಅಥವಾ ಅರ್ಧಪದ್ಮಾಸನ, ಎಡ ಅಂಗೈ ಕೆಳಗೆ, ಬಲ ಅಂಗೈ ಮೇಲೆ. ಮಂಡಿನೋವಿದ್ದವರು ಕುರ್ಚಿಯಲ್ಲಿ ಬೆನ್ನು ಆನಿಸದೆ ಕೂರಬಹುದು.

ಆಲೋಚನೆ (ತಪ್ಪುಗಳನ್ನು ಗುರುತಿಸಿ ಒಪ್ಪಿಕೊಳ್ಳುವುದು) ಮತ್ತು ಪ್ರತಿಕ್ರಮಣಕ್ಕೆ (ಅವುಗಳಿಂದ ಹಿಂದಿರುಗುವುದು) ಹತ್ತು ನಿಮಿಷ, ಜಪಕ್ಕೆ 22, ಅನುಪ್ರೇಕ್ಷೆಗೆ (ಬಾಳಿನ ನಿಜಗಳನ್ನು ಮತ್ತೆ ಮತ್ತೆ ಚಿಂತಿಸುವುದು) ಎಂಟು, ಕೊನೆಯ ಕಾಯೋತ್ಸರ್ಗ (ಮೈಯ ಮೇಲಿನ ಮಮತೆ ಬಿಟ್ಟು ಅಲುಗದೆ ಇರುವುದು) ಹಾಗೂ ದಿಗ್ವಂದನೆಗೆ ನಾಲ್ಕು.

ಜಪಕ್ಕೆ 22 ಏಕೆಂದರೆ ಒಂದು ಣಮೋಕಾರಕ್ಕೆ ಮೂರು ಉಸಿರು: ‘ಣಮೋ ಅರಿಹಂತಾಣಂ, ಣಮೋ ಸಿದ್ಧಾಣಂ’ ಒಂದರಲ್ಲಿ, ‘ಣಮೋ ಆಇರಿಯಾಣಂ, ಣಮೋ ಉವಜ್ಝಾಯಾಣಂ’ ಇನ್ನೊಂದರಲ್ಲಿ, ‘ಣಮೋ ಲೋಏ ಸವ್ವಸಾಹೂಣಂ’ ಮೂರನೆಯದರಲ್ಲಿ. 108 ಮಣಿಗೆ 324 ಉಸಿರು. ನಿಮಿಷಕ್ಕೆ 15 ಉಸಿರಾಡಿದರೂ 21 ನಿಮಿಷ ದಾಟುತ್ತದೆ. ಏಳೆಂಟು ನಿಮಿಷದಲ್ಲಿ ಮಾಲೆ ಮುಗಿಯಿತೆಂದರೆ ಉಸಿರಿಗೂ ಮಂತ್ರಕ್ಕೂ ಸಂಬಂಧ ತಪ್ಪಿದೆ, ಬೆರಳು ಒಂದೇ ಓಡಿದೆ. ಕಾಯೋತ್ಸರ್ಗಕ್ಕೂ ಇದೇ ಲೆಕ್ಕ: ಒಂಬತ್ತು ಮಂತ್ರ, 27 ಉಸಿರು.

ನೂರೆಂಟರ ಲೆಕ್ಕ

ಮಾಲೆಯ 108 ಮಣಿಗಳು ಪುಣ್ಯ ಎಣಿಸಲು ಇರುವಂಥವಲ್ಲ. ಪಾಪ ಒಳಬರುವ ಬಾಗಿಲುಗಳು ಅಷ್ಟಿವೆ. ಸಂರಂಭ ಎಂದರೆ ಮಾಡಬೇಕೆಂದು ಗಟ್ಟಿಮಾಡಿಕೊಳ್ಳುವುದು, ಸಮಾರಂಭ ಎಂದರೆ ಅದಕ್ಕೆ ಸಾಮಗ್ರಿ ಹೊಂದಿಸುವುದು, ಆರಂಭ ಎಂದರೆ ಕೈಹಚ್ಚುವುದು. ಈ ಮೂರನ್ನು ಮನ, ವಚನ, ಕಾಯ ಎಂಬ ಮೂರರಿಂದ ಗುಣಿಸಿ; ಮಾಡಿದ್ದು, ಮಾಡಿಸಿದ್ದು, ಮೆಚ್ಚಿದ್ದು ಎಂಬ ಮೂರರಿಂದ ಗುಣಿಸಿ; ಕ್ರೋಧ, ಮಾನ (ಗರ್ವ), ಮಾಯೆ (ಕಪಟ), ಲೋಭ ಎಂಬ ನಾಲ್ಕು ಕಷಾಯಗಳಿಂದ, ಅಂದರೆ ಮನಸ್ಸಿನ ಕೊಳೆಗಳಿಂದ, ಗುಣಿಸಿ. 3×3×3×4, ಒಟ್ಟು 108.

ಆಲೋಚನೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಿನ್ನೆಯ ಒಂದು ಕೆಲಸ ತೆಗೆದುಕೊಳ್ಳಿ: ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರದೋ ಮದುವೆ ಮುರಿದ ಸುದ್ದಿ ಬಂತು, ನೀವು ನಗುವ ಚಿಹ್ನೆ ಒತ್ತಿದಿರಿ. ನಾನೇನೂ ಬರೆಯಲಿಲ್ಲವಲ್ಲ ಎನ್ನುತ್ತದೆ ಮನಸ್ಸು. ಲೆಕ್ಕಕ್ಕೆ ಹಾಕಿ ನೋಡಿ. ಬರೆದದ್ದು ಇನ್ನೊಬ್ಬರು, ನಿಮ್ಮದು ಮೆಚ್ಚುಗೆ. ಒತ್ತಿದ್ದು ಬೆರಳು, ಆದ್ದರಿಂದ ಕಾಯ. ಒಳಗಿದ್ದದ್ದು ಕೋಪವೇ? ಇರಲಾರದು. ನಮ್ಮ ಮನೆಯಲ್ಲಿ ಹಾಗಾಗಿಲ್ಲ ಎಂಬ ಮಾನ. ಗುರುತು ಇಷ್ಟು ಖಚಿತವಾದರೆ ‘ತಸ್ಸ ಮಿಚ್ಛಾ ಮೇ ದುಕ್ಕಡಂ’ (ನನ್ನ ಆ ತಪ್ಪು ಹುಸಿಯಾಗಲಿ) ಎನ್ನಲು ಏನೋ ಒಂದು ಕೈಯಲ್ಲಿರುತ್ತದೆ. ‘ಅರಿತೋ ಅರಿಯದೆಯೋ ಮಾಡಿದ ಪಾಪವೆಲ್ಲ’ ಎಂದು ಒಟ್ಟಿಗೆ ಒಪ್ಪಿಸಿಬಿಡುವುದು ಸುಲಭ, ಅದರಿಂದ ನಾಳೆ ಏನೂ ಬದಲಾಗುವುದಿಲ್ಲ.

ದಿನಕ್ಕೆ ಮೂರು ಕೆಲಸ ಸಾಕು. ಹತ್ತಕ್ಕೆ ಕೈಹಾಕಿದರೆ ಲೆಕ್ಕ ಹೋಗಿ ಕೊರಗು ಉಳಿಯುತ್ತದೆ, ಕೊರಗಿಗೆ ಶಾಸ್ತ್ರದಲ್ಲಿ ಆರ್ತಧ್ಯಾನ ಎಂದು ಹೆಸರು. ಕೊನೆಗೊಂದು ಪ್ರತ್ಯಾಖ್ಯಾನ, ಅಂದರೆ ಮುಂದೆ ಏನನ್ನೋ ಬಿಡುವ ಸಂಕಲ್ಪ, ಅದಕ್ಕೆ ಗಡುವು ಇರಲಿ: ‘ಈ ವಾರ ಸೂರ್ಯಾಸ್ತದ ಮೇಲೆ ನೀರಲ್ಲದೆ ಏನೂ ಇಲ್ಲ.’ ಗಡುವಿಲ್ಲದ ವ್ರತ ಮೂರನೆಯ ದಿನ ಮುರಿದು, ಅದರ ಬೇಸರಕ್ಕೆ ಸಾಮಾಯಿಕವೂ ನಿಲ್ಲುತ್ತದೆ.

ಬೇಡಿಕೆ ಬಂದಾಗ

ಜಪದ ನಡುವೆ ‘ಮಗನಿಗೆ ಕೆಲಸ ಸಿಗಲಿ’ ಬಂದೇ ಬರುತ್ತದೆ. ತಳ್ಳಬೇಡಿ, ತಳ್ಳಿದಷ್ಟೂ ಹಟ ಹಿಡಿಯುತ್ತದೆ. ಎರಡು ಭಾಗ ಮಾಡಿ. ನಿಮ್ಮಿಂದ ಆಗುವುದು ಏನಾದರೂ ಇದ್ದರೆ, ಯಾರಿಗೋ ಫೋನು ಮಾಡುವುದೋ ಮಗನನ್ನು ಹಂಗಿಸುವುದು ನಿಲ್ಲಿಸುವುದೋ, ಅದು ಎದ್ದ ಮೇಲಿನ ಪಟ್ಟಿಗೆ. ನಿಮ್ಮ ಕೈಲಿಲ್ಲದ ಭಾಗ ಅನುಪ್ರೇಕ್ಷೆಯ ಎಂಟು ನಿಮಿಷಕ್ಕೆ, ಯಾರೂ ನಮ್ಮನ್ನು ಕಾಯಲಾರರು ಎಂದು ಚಿಂತಿಸುವ ಅಶರಣ ಭಾವನೆಗೆ. ಈ ಜಪಕ್ಕೆ ಪ್ರತಿಯಾಗಿ ಇಂಥದು ಸಿಗಲಿ ಎಂದು ಕಟ್ಟಿಕೊಂಡರೆ ಅದಕ್ಕೆ ಶಾಸ್ತ್ರದಲ್ಲಿ ‘ನಿದಾನ’ ಎಂದು ಹೆಸರು. ಮಾಯೆ, ಮಿಥ್ಯೆ (ತಪ್ಪು ನಂಬಿಕೆ) ಇವುಗಳ ಜೊತೆ ಅದನ್ನೂ ಶಲ್ಯ, ಅಂದರೆ ಒಳಗೆ ನೆಟ್ಟ ಮುಳ್ಳು ಎಂದು ಎಣಿಸಿದ್ದಾರೆ. ಮುಳ್ಳಿದ್ದವರಿಗೆ ವ್ರತವೇ ಇಲ್ಲ ಎನ್ನುವಷ್ಟು ಬಿಗಿಯಾದ ಮಾತು ಅದು.

ಹಾಗಾದರೆ ಜಿನಸ್ತುತಿ ಯಾಕೆ? ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುತ್ತ ಸಮಂತಭದ್ರರೇ ಉತ್ತರ ಕೊಟ್ಟಿದ್ದಾರೆ: ನೀನು ವೀತರಾಗ (ರಾಗ ಕಳೆದವನು), ಪೂಜೆಯಿಂದ ನಿನಗೆ ಆಗಬೇಕಾದ್ದಿಲ್ಲ, ವೈರ ತೊರೆದವನು, ನಿಂದೆಯೂ ತಟ್ಟದು, ಆದರೂ ನಿನ್ನ ಗುಣಗಳ ನೆನಪು ನಮ್ಮ ಚಿತ್ತದ ಕೊಳೆ ತೊಳೆಯಲಿ. ‘ಅರಿಹಂತೇ ಸರಣಂ ಪವ್ವಜ್ಜಾಮಿ’ ಎಂದು ಶರಣು ಹೋಗಿ, ಅದೇ ಹೊತ್ತಿನಲ್ಲಿ ಅಶರಣ ಭಾವಿಸಿದರೆ ಎಡವಟ್ಟಲ್ಲವೇ ಎಂದು ಹೊಸಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅರಿಹಂತರು ದಾರಿ ತೋರಿದವರು, ಆ ಅರ್ಥದಲ್ಲಿ ಶರಣು. ನಿಮ್ಮ ಕರ್ಮ ಅವರೂ ಕಳೆಯಲಾರರು, ಆ ಅರ್ಥದಲ್ಲಿ ಅಶರಣ. ವ್ಯವಹಾರ (ಲೋಕರೂಢಿಯ ನೋಟ), ನಿಶ್ಚಯ (ಪರಮಾರ್ಥದ ನೋಟ) ಎಂಬ ಎರಡು ನಯಗಳು ಇಲ್ಲಿ ಪಾಠವಾಗಿ ಉಳಿಯದೆ ಬಳಕೆಗೆ ಬರುತ್ತವೆ.

ಹೊಂಬುಜದ ಪದ್ಮಾವತಿಗೆ, ಸಿಂಹನಗದ್ದೆಯ ಜ್ವಾಲಾಮಾಲಿನಿಗೆ ಹರಕೆ ಹೊರುವ ಮನೆಗಳು ನಮ್ಮಲ್ಲಿ ಬಹಳ. ಪದ್ಮಾವತಿ ಪಾರ್ಶ್ವನಾಥ ತೀರ್ಥಂಕರರ ಯಕ್ಷಿ, ಅಂದರೆ ಸೇವಕ ದೇವತೆ; ಜ್ವಾಲಾಮಾಲಿನಿ ಚಂದ್ರಪ್ರಭ ತೀರ್ಥಂಕರರ ಯಕ್ಷಿ. ಧರ್ಮರಕ್ಷಕರೆಂದು ಗೌರವ ಸಲ್ಲಿಸಲು ಅಡ್ಡಿಯಿಲ್ಲ. ಆದರೆ ಮೋಕ್ಷ ಅವರ ಕೈಲಿಲ್ಲ, ಯಕ್ಷಿಯರೂ ಸಂಸಾರದೊಳಗಿನ ಜೀವಗಳೇ. ಹರಕೆ ತೀರಿಸುವುದಿದ್ದರೆ ಹೋಗಿ ತೀರಿಸಿ, ಅದನ್ನು 48 ನಿಮಿಷದೊಳಗೆ ತರಬೇಡಿ. ಹರಕೆ ಹೊತ್ತ ಅತ್ತೆಯನ್ನು ಮೂಢರೆಂದು ಹೀಗಳೆಯುವುದೂ ಬೇಡ, ಅದು ಮಾನಕಷಾಯ, ಮರುದಿನದ ಪಟ್ಟಿಗೆ ಸೇರುತ್ತದೆ.

ನೆಪಗಳು

‘ಎಲ್ಲ ನನ್ನ ಕರ್ಮ’ ಎನ್ನುವುದು ಜವಾಬ್ದಾರಿಯ ಮಾತಿನಂತೆ ಕೇಳಿಸುವ ನುಣುಚುವಿಕೆ. ಉದಯಕ್ಕೆ ಬಂದದ್ದು, ಅಂದರೆ ಈಗ ಫಲ ಕೊಡುತ್ತಿರುವ ಕರ್ಮ, ಹಳೆಯದು ನಿಜ, ಆ ಕ್ಷಣದ ಕಷಾಯದಿಂದ ಬೀಳುವ ಕರ್ಮಬಂಧ ಹೊಸದು. ಸತ್ತೆಯಲ್ಲಿರುವ, ಅಂದರೆ ಇನ್ನೂ ಫಲ ಕೊಡದೆ ಉಳಿದಿರುವ ಕರ್ಮದ ಸ್ಥಿತಿ (ಅವಧಿ), ಅನುಭಾಗ (ತೀವ್ರತೆ) ಅಪಕರ್ಷಣದಿಂದ ಇಳಿಯುತ್ತವೆ, ಉತ್ಕರ್ಷಣದಿಂದ ಏರುತ್ತವೆ, ಗಟ್ಟಿಯಾಗಿ ಕಟ್ಟಿದ ನಿಕಾಚಿತ ಕರ್ಮವೊಂದೇ ಜಗ್ಗುವುದಿಲ್ಲ. ಆಸೆ ಇಡಬೇಕಾದರೆ ಇಲ್ಲಿ ಇಡಿ.

ಎರಡನೆಯ ನೆಪ ಪಂಚಮಕಾಲದ್ದು, ಅಂದರೆ ಜೈನ ಕಾಲಚಕ್ರದಲ್ಲಿ ಈಗ ನಡೆಯುತ್ತಿರುವ ಐದನೆಯ ಕಾಲದ್ದು. ಈ 21,000 ವರ್ಷಗಳ ಕಾಲದಲ್ಲಿ ಭರತಕ್ಷೇತ್ರದಲ್ಲಿ, ಅಂದರೆ ನಾವಿರುವ ಭಾಗದಲ್ಲಿ, ಹುಟ್ಟಿದವರಿಗೆ ಇದೇ ಜನ್ಮದಲ್ಲಿ ಮೋಕ್ಷವಿಲ್ಲ ಎಂದು ಪರಂಪರೆ ಹೇಳುತ್ತದೆ, ಮತ್ತೇಕೆ ಕೂರಬೇಕು? ಧರ್ಮಧ್ಯಾನಕ್ಕೂ ಸಮ್ಯಗ್ದರ್ಶನಕ್ಕೂ (ಸರಿಯಾದ ನಂಬಿಕೆಗೂ) ಅಡ್ಡಿ ಇಲ್ಲವೆಂದು ಅದೇ ಪರಂಪರೆ ಹೇಳುತ್ತದೆ. ಕೈಗೆ ಬರುವ ಫಲವನ್ನು ಮುಂದಿಟ್ಟುಕೊಂಡು ಕೂರಲು ಆಸ್ಪದವೇ ಇಲ್ಲದ್ದು ಒಂದು ರೀತಿಯಲ್ಲಿ ಅನುಕೂಲವೇ.

ಉಳಿದ ದೋಷಗಳನ್ನು ತತ್ತ್ವಾರ್ಥಸೂತ್ರ ಎಂಬ ಜೈನ ಗ್ರಂಥ ಐದು ಅತಿಚಾರಗಳಾಗಿ (ವ್ರತದ ಲೋಪಗಳಾಗಿ) ಹೇಳಿದೆ: ಮನ, ವಚನ, ಕಾಯಗಳನ್ನು ತಪ್ಪು ದಾರಿಗೆ ಬಿಡುವ ಮೂರು, ಅನಾದರ (ಉತ್ಸಾಹವಿಲ್ಲದೆ ಮಾಡುವುದು), ಮರೆವು. ಮರೆವಿಗೆ ಮದ್ದು ಸುಲಭ: ಯಾವ ಭಾಗದಲ್ಲಿದ್ದೀರಿ ಎಂಬುದು ತಪ್ಪಿದರೆ ಒಂಬತ್ತು ಣಮೋಕಾರ ಹೇಳಿ ಆ ಭಾಗದ ಮೊದಲಿನಿಂದ ಶುರುಮಾಡಿ. ಅನಾದರ ಹೆಚ್ಚು ಅಪಾಯದ್ದು, ಅದು ಬರುವುದು ನಿದ್ದೆಗೆಟ್ಟ ದಿನ. ಅಂಥ ದಿನ ಹತ್ತು ನಿಮಿಷದ ಆಲೋಚನೆ, ಒಂದು ಕಾಯೋತ್ಸರ್ಗ ಮಾಡಿ ಎದ್ದುಬಿಡಿ. ಅದನ್ನು ಸಾಮಾಯಿಕ ಎಂದು ಕರೆಯಬೇಡಿ ಅಷ್ಟೆ.

ಎದ್ದ ಮೇಲೆ ಪಟ್ಟಿಯಲ್ಲಿದ್ದ ಫೋನನ್ನು ತಿಂಡಿಗೆ ಮೊದಲೇ ಮಾಡಿ. ಸಾಲ ಹಿಂದಿರುಗಿಸುವುದಿದ್ದರೆ ದುಡ್ಡು ಕಳಿಸಿ, ಕ್ಷಮೆ ಕೇಳುವುದಿದ್ದರೆ ನೊಂದವರನ್ನೇ ಕೇಳಿ. ಚಾಪೆಯ ಮೇಲೆ ಹೇಳಿದ ‘ದುಕ್ಕಡಂ’ ಅವರಿಗೆ ಕೇಳಿಸಿರುವುದಿಲ್ಲ.