ಕುಪಿಯಾನ್ಸ್ಕ್‌ಗೆ ನಾನೇಕೆ ಕೆಂಪು ಬಳಿಯಲಿಲ್ಲ: ಯುದ್ಧನಕ್ಷೆ ಬರೆದ ನನ್ನ ಅನುಭವ

2025ರ ನವೆಂಬರ್ 20ರಂದು ಉಕ್ರೇನಿನ ಖಾರ್ಕಿವ್ ಪ್ರಾಂತ್ಯದ ಕುಪಿಯಾನ್ಸ್ಕ್ ಕೈವಶವಾಯಿತೆಂದು ರಷ್ಯಾದ ಸೇನಾ ಮುಖ್ಯಸ್ಥ ಗೆರಾಸಿಮೊವ್ ಪುಟಿನ್‌ಗೆ ವರದಿ ಒಪ್ಪಿಸಿದರು. ನನ್ನ ನಕ್ಷೆಯಲ್ಲಿ ರಷ್ಯಾದ ಹಿಡಿತಕ್ಕೆ ಕೆಂಪು, ಯಾರದೆಂದು ಖಚಿತವಿಲ್ಲದ್ದಕ್ಕೆ ಬೂದು. ಅದರಲ್ಲಿ ಮಾತ್ರ ಆ ಊರು ಬೂದು ಗೆರೆಗಳಲ್ಲೇ ಉಳಿಯಿತು. "ನಿಮ್ಮದು ಹೋದ ವರ್ಷದ ಪಂಚಾಂಗ" ಎಂದು ನಕ್ಕವರಿದ್ದರು. ಡಿಸೆಂಬರ್ 12ಕ್ಕೆ ಝೆಲೆನ್‌ಸ್ಕಿ ಅದೇ ಊರಿನ ಬಾಗಿಲಲ್ಲಿರುವ ಹೆಸರುಗಂಬದ ಮುಂದೆ ನಿಂತು ವಿಡಿಯೊ ಬಿಟ್ಟರು. ಆಮೇಲೆ ಲೆಕ್ಕ ಹಾಕಿದ್ದು ಹೇಗೆಂದು ಕೇಳುವವರು ಹೆಚ್ಚಾದರು. ಜಿಯೊಲೊಕೇಷನ್ (ದೃಶ್ಯ ನೋಡಿ ಜಾಗ ಪತ್ತೆಹಚ್ಚುವುದು), ಕ್ಯೂಜಿಐಎಸ್ (ನಕ್ಷೆ ಮಾಡುವ ತಂತ್ರಾಂಶ), ಸೆಂಟಿನೆಲ್ (ಯುರೋಪಿನ ಉಪಗ್ರಹಗಳು) ಚಿತ್ರ ಇಳಿಸಿಕೊಳ್ಳುವುದು ಎಲ್ಲ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ತಿರುಳು ಇಷ್ಟೇ: ವಿಡಿಯೊದಲ್ಲಿ ಯಾರು ನಿಂತಿದ್ದಾರೆ ಎಂದು ನೋಡುವುದಕ್ಕಿಂತ, ಯಾರು ಯಾವ ಜಾಗಕ್ಕೆ ಹೊಡೆಯುತ್ತಿದ್ದಾರೆ ಎಂದು ಬರೆದಿಡುವುದು ಮೇಲು. ಇಬ್ಬರು ಸೈನಿಕರು ನುಸುಳಿ ಬಂದು ಡ್ರೋನ್‌ಗೆ ಬಾವುಟ ತೋರಿಸಿದರೆ ಅವರು ಅಲ್ಲಿಗೆ ಬಂದಿದ್ದರು ಎಂಬುದಕ್ಕೆ ಅದು ಸಾಕ್ಷಿ. ಊರು ಹಿಡಿದರು ಎಂಬುದಕ್ಕಲ್ಲ. ಆದರೆ ರಷ್ಯಾದ ಗ್ಲೈಡ್ ಬಾಂಬ್ (ವಿಮಾನದಿಂದ ಬಿಟ್ಟ ಮೇಲೆ ರೆಕ್ಕೆಯಲ್ಲಿ ತೇಲಿ ಬರುವ ಬಾಂಬ್) ಒಂದು ಕಟ್ಟಡದ ಮೇಲೆ ಬಿದ್ದರೆ, ಅಲ್ಲಿ ಉಕ್ರೇನಿನವರಿದ್ದಾರೆಂದು ರಷ್ಯಾದ ಸೇನೆಯೇ ನಂಬಿದೆ ಎಂದರ್ಥ. ವಕ್ತಾರ ಏನು ಹೇಳಿದರೂ ಫಿರಂಗಿಯವನು ತನ್ನವರ ತಲೆ ಮೇಲೆ ಗುಂಡು ಹಾಕುವುದಿಲ್ಲ (ಅಪರೂಪಕ್ಕೆ ಹಾಕುತ್ತಾನೆ, ಅದು ಬೇರೆ).

ನಕ್ಷೆಯನ್ನು 500 ಮೀಟರ್ ಚೌಕಗಳಾಗಿ ಕೊಯ್ದುಕೊಂಡೆ. ಪ್ರತಿ ಕ್ಲಿಪ್‌ಗೆ ಒಂದು ಸಾಲು: ಅದನ್ನು ಇಂಟರ್ನೆಟ್ಟಿಗೆ ಹಾಕಿದ ದಿನ, ನಡೆದಿರಬಹುದಾದ ದಿನ, ಹೊಡೆದವರು, ಹೊಡೆಸಿಕೊಂಡವರು, ಆಯುಧ, ಚೌಕ, ನಂಬಿಕೆಗೆ 1ರಿಂದ 5. ಒಂದು ಚೌಕ ಕೆಂಪಾಗಬೇಕಾದರೆ ಮೂರೂ ಆಗಬೇಕು. ಬೇರೆಬೇರೆ ದಿನ ಎರಡು ಸಲ ರಷ್ಯನ್ನರು ಅಲ್ಲಿ ಕಾಣಬೇಕು. ಉಕ್ರೇನಿನ ಡ್ರೋನ್ ಅಥವಾ ಫಿರಂಗಿ ಅಲ್ಲಿಗೆ ಹೊಡೆಯತೊಡಗಿರಬೇಕು. ಮತ್ತು ರಷ್ಯಾ ಅಲ್ಲಿಗೆ ಹೊಡೆಯುವುದನ್ನು ನಿಲ್ಲಿಸಿರಬೇಕು. ಮೂರನೆಯದು ಕೈಕೊಡುವ ಜಾಗವೇ ಬಹಳ. ಕುಪಿಯಾನ್ಸ್ಕ್‌ನಲ್ಲಿ ನವೆಂಬರ್ 20ರ ನಂತರವೂ ಓಸ್ಕಿಲ್ ನದಿಯ ಬಲದಂಡೆಯ ಚೌಕಗಳಲ್ಲಿ ರಷ್ಯಾದ ಹೊಡೆತ ನಿಂತಿರಲಿಲ್ಲ. ಗೆದ್ದ ಊರಿಗೆ ಬಾಂಬ್ ಯಾಕೆ?

ಎರಡನೆಯ ಪದರ ಪೂರೈಕೆ. ಒಳಹೊಕ್ಕ ಗುಂಪಿಗೆ ನೀರು, ಬ್ಯಾಟರಿ, ಔಷಧ ಎಲ್ಲಿಂದ ಬರುತ್ತದೆ? ಕುಪಿಯಾನ್ಸ್ಕ್ ಒಳಗಿದ್ದ ರಷ್ಯನ್ನರು ನಗರದ ಉತ್ತರಕ್ಕೆ ಓಸ್ಕಿಲ್ ದಾಟಿ, ಸೆಪ್ಟೆಂಬರಿನಲ್ಲಿ ಗ್ಯಾಸ್ ಕೊಳವೆಯೊಳಗೆ ತೆವಳಿ, ರಾಡ್ಕಿವ್ಕಾ ಹಳ್ಳಿಯ ಕಡೆಯಿಂದ ಬಂದವರು. ಹಾಗಾಗಿ ನಗರದ ನಡುವೆ ಯಾವ ಬಾವುಟ ಎಂದು ನೋಡುತ್ತ ಕೂರದೆ ರಾಡ್ಕಿವ್ಕಾ ಮತ್ತು ಪಕ್ಕದ ಹಳ್ಳಿ ಕಿಂದ್ರಾಶಿವ್ಕಾದ ಚೌಕಗಳ ಮೇಲೆ ಕಣ್ಣಿಟ್ಟೆ. ಪೂರೈಕೆಯ ಆ ಕುತ್ತಿಗೆ ಹಿಸುಕಿದರೆ ನಕ್ಷೆಯಲ್ಲಿ ನಗರದೊಳಗೆ ಚುಚ್ಚಿದ ಪಿನ್ನುಗಳಿಗೆ ಬೆಲೆಯಿಲ್ಲ. ಡಿಸೆಂಬರಿನಲ್ಲಿ ಉಕ್ರೇನ್ ಮರಳಿ ಹಿಡಿದೆವೆಂದು ಹೇಳಿದ್ದೂ ಮೊದಲು ಅವೆರಡನ್ನೇ. 2025ರ ಆಗಸ್ಟಿನಲ್ಲಿ, ಟ್ರಂಪ್-ಪುಟಿನ್ ಅಲಾಸ್ಕಾ ಭೇಟಿಯ ವಾರ, ಡೊನೆಟ್ಸ್ಕ್ ಪ್ರಾಂತ್ಯದ ಡೊಬ್ರೊಪಿಲ್ಯಾ ಕಡೆಗೆ ರಷ್ಯಾದ ಮುನ್ನಡೆ ನಕ್ಷೆಯಲ್ಲಿ ಮೊಲದ ಕಿವಿಯಂತೆ ಚಾಚಿದ್ದನ್ನು ಕಂಡು ಮುಂಚೂಣಿಯೇ ಕುಸಿಯಿತೆಂದು ಬರೆದವರು ಆ ಕಿವಿಗಳ ಅಗಲ ಅಳೆದಿರಲಿಲ್ಲ.

ಇದಕ್ಕೂ ಮುಂಚೆ ಮುಗ್ಗರಿಸಿದ್ದೇ ಹೆಚ್ಚು. 2023ರ ಬೇಸಿಗೆಯಲ್ಲಿ ದಕ್ಷಿಣ ಉಕ್ರೇನಿನ ಓರಿಖಿವ್ ದಿಕ್ಕಿನಲ್ಲಿ ರಷ್ಯಾದ ಕಂದಕಗಳನ್ನು ಸೆಂಟಿನೆಲ್-2ರಲ್ಲಿ ಒಂದೊಂದಾಗಿ ಗುರುತಿಸಿದ್ದೆ. ಅಲ್ಲಿಯದು ನಮ್ಮ ಎರೆಹೊಲದಂಥ ಕಪ್ಪು ಮಣ್ಣು, ಕೆಳಗೆ ಹಳದಿ ಮಣ್ಣು. ಆಳವಾಗಿ ತೋಡಿದ ಕಡೆ ಕಪ್ಪು ನೆಲದ ಮೇಲೆ ತಿಳಿಹಳದಿ ಗೆರೆ ಬೀಳುತ್ತದೆ, ಒಂದು ಚುಕ್ಕೆಗೆ 10 ಮೀಟರ್ ನೆಲ ಹಿಡಿಯುವ ಚಿತ್ರದಲ್ಲೂ ಕಾಣುತ್ತದೆ. ಉಳುಮೆ ಗೆರೆಯೂ ಹಾಗೆಯೇ ಕಾಣುತ್ತದೆ, ಆದರೆ ಅದು ಮಳೆ ಬಿದ್ದ ಮೇಲೆ ಮಾಯ. ಸೆಪ್ಟೆಂಬರಿನಲ್ಲಿ ಅಲ್ಲಿಯ ವೆರ್ಬೊವೆ ಹಳ್ಳಿಯ ಹತ್ತಿರ ಉಕ್ರೇನಿನ ವಾಹನಗಳು ಟ್ಯಾಂಕ್ ತಡೆಯಲು ರಷ್ಯಾ ನೆಟ್ಟ ಕಾಂಕ್ರೀಟ್ ಹಲ್ಲುಗಳ ಆಚೆ ಕಂಡಾಗ ರಕ್ಷಣೆಯ 'ಸಾಲು ಒಡೆಯಿತು' ಎಂದು ಬರೆದುಬಿಟ್ಟೆ. ಒಡೆದಿರಲಿಲ್ಲ. ಹಲ್ಲು, ಕಂದಕ ಆಕಾಶದಿಂದ ಕಾಣುತ್ತವೆ. ಹೊಲದ ತುಂಬ ಬಿತ್ತಿದ ನೆಲಬಾಂಬು, ಮರಸಾಲಿನೊಳಗಿನ ಬಿಲಗಳು ಕಾಣುವುದಿಲ್ಲ. ಎರಡು ಹೊಲದ ನಡುವಿನ ಆ ಕಿರಿದಾದ ಮರಸಾಲೇ ಈ ಯುದ್ಧದ ಅಳತೆಗೋಲು. ಏಪ್ರಿಲ್ ಕೊನೆಗೆ ಎಲೆ ಚಿಗುರಿತೆಂದರೆ ಅಕ್ಟೋಬರ್‌ವರೆಗೆ ಅದರೊಳಗೇನಿದೆ ಎಂಬುದು ಊಹೆ.

ಉಪಗ್ರಹಕ್ಕೆ ಕಂಡ ಬೆಂಕಿಯನ್ನು ಚುಕ್ಕೆಗಳಾಗಿ ತೋರಿಸುವ ನಾಸಾದ ನಕ್ಷೆಯಲ್ಲೂ ಎಡವಿದೆ. 375 ಮೀಟರ್ ಚುಕ್ಕೆಗಳು ಸಾಲಾಗಿ ಬಂದರೆ ಮುಂಚೂಣಿ ಅಲ್ಲೇ ಎನ್ನಿಸುತ್ತದೆ. ಜುಲೈ, ಆಗಸ್ಟಿನಲ್ಲಿ ಗೋಧಿ ಕೊಯ್ದ ಕೂಳೆ ಸುಡುತ್ತಾರೆ, ಒಣಹುಲ್ಲಿಗೆ ಬೆಂಕಿ ಬೀಳುತ್ತದೆ, ಕಲ್ಲಿದ್ದಲಿನಿಂದ ಕೋಕ್ ಮಾಡುವ ಕಾರ್ಖಾನೆ ವರ್ಷವಿಡೀ ಉರಿಯುತ್ತದೆ. ಈಗ ರಾತ್ರಿಯ ಚುಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ. ಪೂರ್ಣ ಯುದ್ಧಕ್ಕೆ ಮುಂಚಿನ 2019ರಿಂದ 2021ರವರೆಗಿನ ಅದೇ ವಾರದ ಚುಕ್ಕೆಗಳನ್ನು ಕಳೆಯುತ್ತೇನೆ. ಉಳಿದದ್ದಕ್ಕೂ ನಂಬಿಕೆ 2 ದಾಟಿಸುವುದಿಲ್ಲ.

ದುಡ್ಡಿನ ಮಾತು. ಉಚಿತ ಚಿತ್ರದಿಂದ ಏನೂ ಆಗದು ಎಂದು ಎಲ್ಲರೂ ಹೇಳಿದ್ದಕ್ಕೆ ಒಮ್ಮೆ ಚುಕ್ಕೆಗೆ 50 ಸೆಂ.ಮೀ. ನೆಲ ಹಿಡಿಯುವ ಉಪಗ್ರಹ ಚಿತ್ರ ಕೊಂಡೆ. ಕನಿಷ್ಠ 25 ಚದರ ಕಿ.ಮೀ. ಕೊಳ್ಳಲೇಬೇಕಿತ್ತು, ಕೈಬಿಟ್ಟದ್ದು ಇಪ್ಪತ್ತು ಸಾವಿರ ರೂಪಾಯಿಯ ಆಚೀಚೆ. ಮೂರರಲ್ಲೊಂದು ಪಾಲು ಮೋಡ, ತೆಗೆದು ಒಂಬತ್ತೋ ಹತ್ತೋ ದಿನವಾಗಿತ್ತು. ಅಷ್ಟರಲ್ಲಿ ಡ್ರೋನ್ ವಿಡಿಯೊಗಳು ಅದಕ್ಕಿಂತ ಹೆಚ್ಚು ಹೇಳಿಯಾಗಿತ್ತು. ಆಮೇಲೆ ಖರ್ಚು ಎರಡೇ: 4 ಟಿಬಿ ಡಿಸ್ಕ್, ಮತ್ತು ಕ್ಲಿಪ್ ಅಳಿಸುವ ಮುಂಚೆ ಇಳಿಸಿಕೊಳ್ಳಲು ಬೇಕಾದ ಇಂಟರ್ನೆಟ್. ಅಳಿಸಿದ ಕ್ಲಿಪ್‌ಗೇ ಬೆಲೆ ಜಾಸ್ತಿ.

ದಿನಾಂಕದ್ದೇ ದೊಡ್ಡ ತಲೆನೋವು. ಮೂರು ವಾರದ ಹಳೆಯ ಕ್ಲಿಪ್ ಇವತ್ತಿನದೆಂದು ಬರುತ್ತದೆ. ಸೂರ್ಯಕಾಂತಿ ಹಳದಿಯಿದೆಯೋ, ಒಣಗಿ ತಲೆ ತಗ್ಗಿಸಿದೆಯೋ ನೋಡಿ. ನೆರಳಿನ ದಿಕ್ಕಿನಿಂದ ಹೊತ್ತು ಸಿಗುತ್ತದೆ. ಅದೇ ಬೀದಿಯ ಯಾವ ಮನೆಯ ಚಾವಣಿ ಯಾವ ಕ್ಲಿಪ್‌ನಲ್ಲಿ ಹಾರಿಹೋಗಿದೆ ಎಂದು ಪಟ್ಟಿ ಮಾಡಿದರೆ, ಹೊಸ ಕ್ಲಿಪ್ ಯಾವೆರಡರ ನಡುವಿನದೆಂದು ತಾನೇ ಕೂರುತ್ತದೆ. ಇನ್ನೊಂದು ಗುರುತಿದೆ. ಹೇಳಿದರೆ ಕ್ಲಿಪ್ ಬಿಡುವವರು ಅದನ್ನೂ ಮಸುಕು ಮಾಡಿಯಾರು, ಇಲ್ಲಿ ಬೇಡ.

ಉಕ್ರೇನಿನ ಜನರಲ್ ಸ್ಟಾಫ್ ದಿನದ ವರದಿಯಲ್ಲಿ ದಾಳಿ ತಡೆದ ಹಳ್ಳಿಗಳ ಹೆಸರು ಬರುತ್ತವೆ. ಅವು ಪಶ್ಚಿಮಕ್ಕೆ ಸರಿಯುತ್ತ ಹೋಗುವುದನ್ನು ಬರೆದಿಡಿ. ಬಾಯಿಬಿಟ್ಟು ಹೇಳದ ಹಿನ್ನಡೆ ಅಲ್ಲಿರುತ್ತದೆ.

ಒಂದು ಅಡ್ಡ ಪ್ರಯೋಗ: ಸೆಂಟಿನೆಲ್-1 ಉಪಗ್ರಹದ ಸಿ-ಬ್ಯಾಂಡ್ ರೇಡಾರ್ (ಸಿ-ಬ್ಯಾಂಡ್ ಎಂಬುದು ಒಂದು ರೇಡಿಯೊ ತರಂಗಪಟ್ಟಿ). ಅದೇ ತರಂಗದಲ್ಲಿ ನೆಲದ ಸೇನಾ ರೇಡಾರ್ ಕೆಲಸ ಮಾಡುತ್ತಿದ್ದರೆ ಚಿತ್ರದಲ್ಲಿ ಅಡ್ಡಪಟ್ಟಿ ಮೂಡುತ್ತದೆ. ಪಟ್ಟಿ ಸಿಕ್ಕಿತು. ಆದರೆ ಅದು ಹತ್ತಾರು ಕಿಲೋಮೀಟರ್ ಉದ್ದ, ರೇಡಾರ್ ಅದರಲ್ಲೆಲ್ಲೋ. ಎರಡು ತಿಂಗಳು ಹಾಳು. ಸಿಕ್ಕಿದ್ದರೂ ಪ್ರಕಟಿಸುವಂಥದ್ದಲ್ಲ, ಜೀವಂತ ನೆಲೆಗಳನ್ನು ತೋರಿಸುವುದು ನಮ್ಮ ಕೆಲಸವಲ್ಲ.

ಈ ಲೆಕ್ಕ ಪೊಕ್ರೊವ್ಸ್ಕ್‌ನಲ್ಲಿ ಹಿಂದೆ ಬಿತ್ತು, ಅದನ್ನೂ ಹೇಳಬೇಕು. 2025ರ ನವೆಂಬರಿನ ಮಂಜಿನಲ್ಲಿ ರಷ್ಯನ್ನರು ಡೊನೆಟ್ಸ್ಕ್ ಪ್ರಾಂತ್ಯದ ಈ ಊರಿಗೆ ಬೈಕು, ಮುರುಕು ಕಾರುಗಳಲ್ಲಿ ನುಗ್ಗಿದರು. ಮಂಜಿನಲ್ಲಿ ಡ್ರೋನ್ ಹಾರುವುದಿಲ್ಲ, ಹೊಡೆತದ ಕ್ಲಿಪ್ ಬರುವುದಿಲ್ಲ, ಹಾಳೆ ಖಾಲಿ. ಖಾಲಿ ಚೌಕ ನನ್ನ ನಿಯಮದಲ್ಲಿ ಬೂದಾಗಿಯೇ ಉಳಿಯುತ್ತದೆ. ಹೀಗೆ ಹತ್ತು ದಿನದಷ್ಟು ತಡವಾಯಿತು. ಈಗ ಹವಾಮಾನದ ಒಂದು ಅಂಕಣ ಸೇರಿಸಿದ್ದೇನೆ. ರಷ್ಯಾದ ಹೊಡೆತ ನಿಂತಿದೆಯೇ ಎಂದು ಎಣಿಸುವಾಗ ಮಂಜಿನ ದಿನಗಳನ್ನು ಬಿಡುತ್ತೇನೆ, ಮಂಜು ತೆರೆದ ಮೊದಲ ದಿನದ ಹೊಡೆತಗಳಿಗೆ ಎರಡು ಪಟ್ಟು ತೂಕ ಕೊಡುತ್ತೇನೆ.